ಗದ್ದಲವೂ ಸಂಗೀತವೇ?



ಫೋರ್ಟಿನ ಕಾಲಾ ಘೋಡಾದಲ್ಲಿದ್ದ ರಿದಮ್ ಹೌಸ್ 2016ರಲ್ಲಿ ಬಾಗಿಲು ಮುಚ್ಚಿತು. ನಮ್ಮ ಕಾಲದಲ್ಲಿ ಭೀಮಸೇನ ಜೋಶಿಯವರ ಕ್ಯಾಸೆಟ್ಟು ಬೇಕೆಂದರೆ ಅಲ್ಲಿಗೆ ಹೋಗುತ್ತಿದ್ದೆವು. ನಿಮಗಾದರೋ ಹಾಡು ಕಿವಿಯೊಳಗೇ ಬಂದು ಕೂರುತ್ತದೆ. ನೀವು ಏನು ಕೇಳುತ್ತೀರೆಂಬುದು ಮನೆಯವರಿಗೆ ತಿಳಿಯುವುದೇ ಇಲ್ಲ. "ಅದೇನು ಮಿಕ್ಸರಿನ ಶಬ್ದ?" ಎಂದು ಅಮ್ಮ ಕೇಳಿದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತೀರಿ. ಇಂದು ಆ ಶಬ್ದದ ಬಗ್ಗೆಯೇ ಮಾತಾಡೋಣ.

ನೆದರ್‌ಲ್ಯಾಂಡ್ಸಿನ ಮೌರಿಸ್ ಡಿ ಯೋಂಗ್ 'ನಾ ದೇರ್ ಟಂಗ್ಸ್' ಎಂಬ ಹೆಸರಿನಲ್ಲಿ ಒಬ್ಬರೇ ಸಂಗೀತ ಮಾಡುವವರು. ಅವರ 2007ರ ಆಲ್ಬಮ್ 'ಆ್ಯನ್ ಎಪಿಫ್ಯಾನಿಕ್ ವಾಮಿಟಿಂಗ್ ಆಫ್ ಬ್ಲಡ್'. ಊಟದ ಹೊತ್ತಿನಲ್ಲಿ ಹೇಳುವ ಹೆಸರಲ್ಲ ಬಿಡಿ! ಅದರಲ್ಲಿ ಎರಡು ಧಾರೆಗಳು ಕೂಡಿವೆ. ಒಂದು ಬ್ಲ್ಯಾಕ್ ಮೆಟಲ್: ಬಿರುಸಿನ ಡ್ರಮ್, ಜೇನುಗೂಡಿನಂತೆ ಗುಂಯ್‌ಗುಡುವ ಗಿಟಾರ್, ಕಿರುಚುವ ಕಂಠ. ಇನ್ನೊಂದು ಹಾರ್ಷ್ ನಾಯ್ಸ್: ಶ್ರುತಿಯಿಲ್ಲ, ತಾಳವಿಲ್ಲ, ಮೈಕು, ಸ್ಪೀಕರು ಎದುರುಬದುರಾದಾಗ ಹೊರಡುವ ಕೀರಲು ಸದ್ದೂ ಇಲ್ಲಿ ವಾದ್ಯವೇ. ಜಪಾನಿನ ಮಸಾಮಿ ಅಕಿತಾ 1979ರಲ್ಲಿ 'ಮೆರ್ಜ್‌ಬೋ' ಎಂಬ ಹೆಸರಿನಲ್ಲಿ ಈ ಹಾದಿ ಹಿಡಿದರು.

ಇದೂ ಸಂಗೀತವೇ ಎಂದು ಹಿರಿಯರು ಕೇಳುವುದು ಸಹಜ. ಆದರೆ ನವರಸಗಳಲ್ಲಿ ಭಯಾನಕ, ಬೀಭತ್ಸಗಳಿಗೂ ನಮ್ಮವರು ಜಾಗ ಕೊಟ್ಟಿದ್ದಾರಲ್ಲವೇ? ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ಚೆಂಡೆಯ ಅಬ್ಬರಕ್ಕೆ, ಆ ಆರ್ಭಟಕ್ಕೆ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ವ್ಯತ್ಯಾಸವೊಂದಿದೆ. ಅಲ್ಲಿ ಊರಿಗೆ ಊರೇ ಕೂತು ಹೆದರುತ್ತದೆ. ಕೊನೆಗೆ ಮಂಗಳ ಹಾಡಿದ ಮೇಲೆ ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಇಲ್ಲಿ ನುಡಿಸುವವರೂ ಒಬ್ಬರೇ, ಕೇಳುವವರೂ ಒಬ್ಬರೇ. "ಸಾಕು" ಎನ್ನಲು ಪಕ್ಕದಲ್ಲಿ ಯಾರೂ ಇಲ್ಲ.

ಆದ್ದರಿಂದ ಎರಡು ಮಾತು. ನಾರ್ವೆಯಲ್ಲಿ ಒಬ್ಬನೇ 'ಬುರ್ಜುಮ್' ನಡೆಸುತ್ತಿದ್ದ ವರ್ಗ್ ವಿಕೆರ್ನೆಸ್‌ಗೆ ಕೊಲೆ ಮಾಡಿ, ಚರ್ಚುಗಳಿಗೆ ಬೆಂಕಿಯಿಟ್ಟದ್ದಕ್ಕಾಗಿ 1994ರಲ್ಲಿ 21 ವರ್ಷ ಸೆರೆವಾಸದ ಶಿಕ್ಷೆಯಾಯಿತು. ಕೋಪದ ಹಾಡು ಬೇರೆ, ದ್ವೇಷದ ಕೃತ್ಯ ಬೇರೆ. ಯಾರ ಹಾಡು ಕೇಳುತ್ತಿದ್ದೀರೆಂದು ತಿಳಿದು ಕೇಳಿ. ಇನ್ನು, 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸದ್ದು ಏರಿದಷ್ಟೂ ಹೊತ್ತು ಕಡಿಮೆಯಾಗಬೇಕು. ಗದ್ದಲಕ್ಕೆ ಸೋತ ಕಿವಿ ಮತ್ತೆ ಮೊದಲಿನಂತಾಗುವುದಿಲ್ಲ.

ಬೆಂಗಳೂರಿನಲ್ಲಿ 'ದ್ವೇಷ' ಎಂದೇ ಹೆಸರಿಟ್ಟುಕೊಂಡ ಒಂದು ತಂಡ 2014ರಲ್ಲಿ 'ಸ್ತೂಪ' ಎಂಬ ಧ್ವನಿಮುದ್ರಿಕೆ ತಂದಿತು. ಅದು ಡೆತ್ ಮೆಟಲ್. ಗುಡುಗುವುದು ಮಾತ್ರ ಕನ್ನಡದಲ್ಲಿ! ಕನ್ನಡವೆಂದರೆ ಅಜ್ಜಿಗೆ ಫೋನಿನಲ್ಲಿ "ಊಟ ಆಯ್ತಾ?" ಎನ್ನುವುದಕ್ಕಷ್ಟೇ ಎಂದುಕೊಂಡವರು ಅದನ್ನೊಮ್ಮೆ ಕೇಳಿ. ಹಬ್ಬಕ್ಕೆ, ನಮಸ್ಕಾರಕ್ಕೆ ಮಾತ್ರ ಒದಗುವ ಭಾಷೆ ಎಷ್ಟು ದಿನ ಉಳಿದೀತು? ನಿಮ್ಮ ಕೋಪವೂ ಕನ್ನಡದಲ್ಲೇ ಬರಲಿ. ಬಾಗಿಲ ಈಚೆ ನಿಂತ ನಮಗೆ ಅರ್ಥವಾದರೂ ಆದೀತು.