ಒಂದಗುಳು ಸಾಕೆ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಹಿರಿಯರ ಅನುಭವದ ಮಾತು. ಆದರೆ ಆ ಅಗುಳು ಈಗ ಕುದಿಯುತ್ತಿರುವ ಪಾತ್ರೆಯೊಳಗಿನಿಂದಲೇ ಬಂದಿರಬೇಕು. ಬಹಳ ಹೊತ್ತಿನ ಹಿಂದೆ ಸಿಡಿದು ಅಂಚಿಗೆ ಅಂಟಿಕೊಂಡದ್ದಾಗಿರಬಾರದು. ಗಾದೆಯು ಬಾಯಿಬಿಟ್ಟು ಹೇಳದ ಈ ನಿಬಂಧನೆಯನ್ನು ಅಡುಗೆಮನೆಯಲ್ಲಿ ಮರೆತರೆ ಅನ್ನ ಕೆಟ್ಟೀತು, ಅಷ್ಟೆ. ತೈಲ ಶುದ್ಧೀಕರಣದ ಕಾರ್ಖಾನೆಯಲ್ಲಿ ಮರೆತರೆ ಆಗುವ ಹಾನಿ ಬೇರೆಯೇ ಬಗೆಯದು.

ಇಂಥ ಕಾರ್ಖಾನೆಗಳಲ್ಲಿ ಹರಿಯುವ ಅನಿಲ ಮತ್ತು ದ್ರವಗಳಲ್ಲಿ ಯಾವ ಘಟಕ ಎಷ್ಟಿದೆಯೆಂಬುದನ್ನು ವಿಶ್ಲೇಷಕಗಳು ಎಡೆಬಿಡದೆ ಅಳೆಯುತ್ತಿರುತ್ತವೆ. ಅವು ಸಾಮಾನ್ಯವಾಗಿ ದೂರದ ಕೊಠಡಿಯೊಂದರಲ್ಲಿರುತ್ತವೆ. ಮುಖ್ಯ ಕೊಳವೆಯಿಂದ ಅಲ್ಲಿಗೆ ಒಂದು ಸಣ್ಣ ನಳಿಕೆಯು ಮಾದರಿಯನ್ನು ಒಯ್ಯುತ್ತದೆ. ದಾರಿಯಲ್ಲಿ ಶೋಧಕಗಳೂ ಕವಾಟಗಳೂ ಅದನ್ನು ಶುದ್ಧಗೊಳಿಸಿ ಒತ್ತಡವನ್ನು ಇಳಿಸುತ್ತವೆ. ವಿಶ್ಲೇಷಕವನ್ನು ಎಲ್ಲರೂ ಕೊಂಡಾಡುತ್ತಾರೆ. ಈ ನಳಿಕೆಯನ್ನು ಕೇಳುವವರಿಲ್ಲ. ಇದು ನ್ಯಾಯವಲ್ಲವೆಂಬುದೇ ನನ್ನ ವಾದ.

ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಲಿ. ನಳಿಕೆಯ ಉದ್ದ ೧೦೦ ಮೀಟರ್, ಒಳವ್ಯಾಸ ೧೦ ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಸುಮಾರು ೭.೯ ಲೀಟರ್ ದ್ರವ ಹಿಡಿಯುತ್ತದೆ. ಹರಿವು ನಿಮಿಷಕ್ಕೆ ಒಂದು ಲೀಟರ್ ಆದರೆ, ವಿಶ್ಲೇಷಕವು ಈಗ ಹೇಳುವುದು ಹೆಚ್ಚುಕಡಮೆ ೮ ನಿಮಿಷಗಳ ಹಿಂದಿನ ಸುದ್ದಿ. ಹರಿವು ಅರ್ಧಕ್ಕಿಳಿದರೆ ೧೬ ನಿಮಿಷ. ಶೋಧಕ ಕಟ್ಟಿಕೊಂಡು ಹರಿವು ನಿಂತೇಹೋದರೆ, ಉಪಕರಣವು ಹಳೆಯ ಅಂಕಿಯನ್ನೇ ಪೂರ್ಣ ಆತ್ಮವಿಶ್ವಾಸದಿಂದ ತೋರಿಸುತ್ತಿರುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ತನಗೆ ತಲುಪಿದ್ದನ್ನು ಸರಿಯಾಗಿಯೇ ಅಳೆಯುತ್ತಿದೆ. ಆದರೆ ಆ ಅಂಕಿಯನ್ನು ನಂಬಿ ಕವಾಟ ತಿರುಗಿಸುವವನು ಕುರುಡನಾಗಿದ್ದಾನೆ.

ನಳಿಕೆಯ ಹರಿವು, ಒತ್ತಡ, ಉಷ್ಣತೆಗಳನ್ನು ಅಲ್ಲಿಯೇ ವಿದ್ಯುತ್ತಿನಿಂದ ಅಳೆದು ತಿಳಿಸಬಾರದೇಕೆ ಎಂದು ಕೇಳಬಹುದು. ಅಡ್ಡಿಯಾಗಿರುವುದು ಕಿಡಿ. ಗಾಳಿಯಲ್ಲಿ ಜಲಜನಕವು ಶೇಕಡ ೪ರಿಂದ ೭೫ರವರೆಗೆ ಬೆರೆತಿದ್ದರೆ ಆ ಮಿಶ್ರಣ ಹೊತ್ತಿಕೊಳ್ಳಬಲ್ಲುದು. ಅನುಕೂಲವಾದ ಪ್ರಮಾಣದಲ್ಲಿದ್ದಾಗ ಸುಮಾರು ೦.೦೨ ಮಿಲಿಜೌಲ್ ಶಕ್ತಿಯ ಕಿಡಿಯೇ ಸಾಕು. ಒಂದು ಗ್ರಾಂ ತೂಕದ ಕಲ್ಲು ೨ ಮಿಲಿಮೀಟರ್ ಬಿದ್ದಾಗ ದೊರೆಯುವ ಶಕ್ತಿ ಅಷ್ಟೇ!

ಈ ಪಾಠವನ್ನು ಜಗತ್ತು ಕಲಿತದ್ದು ಕಲ್ಲಿದ್ದಲ ಗಣಿಗಳಲ್ಲಿ. ೧೯೧೩ರ ಅಕ್ಟೋಬರ್ ೧೪ರಂದು ವೇಲ್ಸ್ ದೇಶದ ಸೆಂಗೆನಿದ್ ಗಣಿಯ ಸ್ಫೋಟದಲ್ಲಿ ೪೩೯ ಕೆಲಸಗಾರರು ಮಡಿದರು. ಕಾರಣವು ನಿಶ್ಚಯವಾಗಿ ಗೊತ್ತಾಗಲಿಲ್ಲವಾದರೂ, ಸಂಕೇತ ಕೊಡುವ ವಿದ್ಯುತ್ ಗಂಟೆಯ ಕಿಡಿಯ ಮೇಲೆ ಸಂಶಯ ಹೋಯಿತು. ಅಲ್ಪ ವೋಲ್ಟೇಜಿನ ಮಂಡಲವೂ ಅಪಾಯಕರವಾಗಬಹುದೆಂದು ವೀಲರ್ ಮತ್ತು ಥಾರ್ನ್‌ಟನ್ ಅವರ ಸಂಶೋಧನೆಗಳು ತೋರಿಸಿಕೊಟ್ಟವು. ಗಂಟೆಯ ತಂತಿಸುರುಳಿಯಲ್ಲಿ ಶೇಖರವಾದ ಶಕ್ತಿಯು ಮಂಡಲ ಕಡಿದೊಡನೆ ಕಿಡಿಯಾಗಿ ಹೊಮ್ಮುತ್ತದೆ. ತಂತಿ ತುಂಡಾದರೂ, ಒಂದಕ್ಕೊಂದು ತಗುಲಿದರೂ, ಅನಿಲವನ್ನು ಹೊತ್ತಿಸುವಷ್ಟು ಶಕ್ತಿ ಮಂಡಲದಲ್ಲಿ ಇರಲೇಕೂಡದೆಂಬ ತತ್ತ್ವ ಹುಟ್ಟಿದ್ದು ಹೀಗೆ. ಅಪಾಯವನ್ನು ಗಟ್ಟಿ ಪೆಟ್ಟಿಗೆಯಲ್ಲಿ ಬಂಧಿಸುವುದು ಒಂದು ಮಾರ್ಗವಾದರೆ, ಅಪಾಯಕ್ಕೆ ಬೇಕಾದ ಶಕ್ತಿಯನ್ನೇ ಒದಗಿಸದಿರುವುದು ಇನ್ನೊಂದು.

ಈ ಎರಡನೆಯ ಮಾರ್ಗವನ್ನು ಮಾದರಿಯ ನಳಿಕೆಗೂ ಅನ್ವಯಿಸುವ ಪ್ರಯತ್ನ ಈ ಶತಮಾನದ ಆರಂಭದಿಂದ ನಡೆದಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರವೊಂದರ ಆಶ್ರಯದಲ್ಲಿ ಬೆಳೆದ ಈ ಯೋಜನೆಗೆ ನೆಸ್ಸಿ ಎಂದು ಹೆಸರು. ೨೦೦೨ರ ಮಾನಕವೊಂದರಂತೆ ಕವಾಟ, ಶೋಧಕ, ಒತ್ತಡಮಾಪಕಗಳೆಲ್ಲವೂ ಸುಮಾರು ೩೮ ಮಿಲಿಮೀಟರ್ ಪಕ್ಕದ ಚೌಕದ ನೆಲೆಯ ಮೇಲೆ ಕೂರುತ್ತವೆ. ಒಂದು ಕೆಟ್ಟರೆ ತಿರುಪುಗಳನ್ನು ಬಿಚ್ಚಿ, ಮತ್ತೊಬ್ಬ ತಯಾರಕನದನ್ನಾದರೂ ಅಲ್ಲಿ ಕೂರಿಸಬಹುದು. ಮುಂದಿನ ಹೆಜ್ಜೆಯಲ್ಲಿ, ಶಕ್ತಿಮಿತಿಯುಳ್ಳ ಒಂದೇ ತಂತಿಜಾಲದ ಮೇಲೆ ಈ ಬಿಡಿಭಾಗಗಳು ತಮ್ಮ ಸ್ಥಿತಿಯನ್ನು ಡಿಜಿಟಲ್ ಸಂಕೇತಗಳಾಗಿ ಸಣ್ಣ ಗಣಕಕ್ಕೆ ತಿಳಿಸಬೇಕೆಂಬುದು ಯೋಜನೆ. ಹೀಗಾದಾಗ ಅಂಕಿಯೊಡನೆ ಅದರ ಯೋಗ್ಯತಾಪತ್ರವೂ ಬರುತ್ತದೆ.

ಇದರಲ್ಲಿ ದೋಷವಿಲ್ಲವೆಂದಲ್ಲ. ಭಾಗಗಳು ಹೆಚ್ಚಿದಂತೆ ಸೋರಬಹುದಾದ ಕೀಲುಗಳೂ ಹೆಚ್ಚುತ್ತವೆ. ಕೊಳಕು ದ್ರವ ಕಿರುದಾರಿಗಳನ್ನು ಕಟ್ಟಿಬಿಡಬಹುದು. ಆದರೂ ಕೆಟ್ಟದ್ದು ಕೂಡಲೇ ತಿಳಿಯುವ ವ್ಯವಸ್ಥೆಯು, ಕೆಟ್ಟರೂ ಮೌನವಾಗಿರುವ ವ್ಯವಸ್ಥೆಗಿಂತ ಮೇಲಲ್ಲವೇ?

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಿಗೂ ಈ ಮಾತು ಸಲ್ಲುತ್ತದೆ. ಉಷ್ಣತಾಮಾಪಕವನ್ನು ದಶಮಾಂಶದವರೆಗೆ ಓದುವ ವಿದ್ಯಾರ್ಥಿಗಳನ್ನು ನಾನು ಪ್ರತಿವರ್ಷವೂ ನೋಡುತ್ತೇನೆ. ನೀರನ್ನು ಕಲಕಿದೆನೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವವರು ವಿರಳ. ತಪ್ಪು ಅವರದಲ್ಲ, ಕೇಳಲು ಕಲಿಸದ ನಮ್ಮದು. ಉತ್ತರಪತ್ರಿಕೆಯಲ್ಲಿ ಅಂಕಿಗೆ ಕೊಡುವ ಗುಣಗಳಲ್ಲಿ ಕೆಲವನ್ನಾದರೂ, ಆ ಅಂಕಿ ಎಲ್ಲಿಂದ, ಯಾವ ದಾರಿಯಲ್ಲಿ ಬಂದಿತೆಂದು ವಿವರಿಸುವವನಿಗೆ ಮೀಸಲಿಡೋಣ. ನಾಳೆ ಕಾರ್ಖಾನೆಯ ಕವಾಟದ ಮುಂದೆ ನಿಲ್ಲುವವರು ಇವರೇ.