ಭರ್ತಿ ಹಾಡು ಇಲ್ಲದ ಡಬಲ್ ಆಲ್ಬಂ ಇರಲು ಸಾಧ್ಯವೇ?

ಕಳೆದ ಬಕ್ರೀದ್ ರಜೆಯಲ್ಲಿ ಬೆಂಗಳೂರಿನಿಂದ ಊರಿಗೆ ಬಂದಿದ್ದ ನಮ್ಮ ಭಾಯಿಜಾನ್ ಜೊತೆ ನನಗೊಂದು ವಾದ ಹತ್ತಿತು. ಅದು ಇನ್ನೂ ಮುಗಿದಿಲ್ಲ. ಅವರು ರಾಕ್ ಸಂಗೀತ ಕೇಳುವವರು. ಮಾತಿನ ನಡುವೆ, "ಎರಡು ಪ್ಲೇಟಿನ ಆಲ್ಬಂ ಅಂದಮ್ಯಾಲ ಅದರಾಗ ಭರ್ತಿ ಹಾಡು ಇದ್ದೇ ಇರ್ತಾವ. ಒಂದೂ ಭರ್ತಿ ಇಲ್ಲದ ಡಬಲ್ ಆಲ್ಬಂ ಇದ್ದರ ತೋರಿಸು" ಎಂದು ಸವಾಲು ಹಾಕಿದರು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಒಂದು ಉತ್ತರ ಇದೆ. ಅದು ಸರಿಯೋ ತಪ್ಪೋ ನೀವೇ ಹೇಳಬೇಕು. ಈ ಪ್ರಶ್ನೆ ನನ್ನನ್ನು ಯಾಕೆ ಇಷ್ಟು ಕಾಡಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪಿದೆ.

ಹಾಡು-ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯ ಇಲ್ಲ. ಕೇಳದವರನ್ನು ಕೇಳುವಂತೆ ಮಾಡಲು ನಾನು ಹೊರಟಿಲ್ಲ. ಆದರೆ ಈ ಪ್ರಶ್ನೆ ಕವಿತೆಗೂ, ಪುಸ್ತಕಕ್ಕೂ, ನಮ್ಮ ಕಾಲೇಜಿನ ಕಾರ್ಯಕ್ರಮಕ್ಕೂ ಹೊಂದುತ್ತದೆ. ಆದ್ದರಿಂದ ಅಂಥವರೂ ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

ಮೊದಲು 'ಭರ್ತಿ' ಎಂದರೇನು? ಉರ್ದು ತರಗತಿಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಗಜಲಿನಲ್ಲಿ ಸಂಖ್ಯೆ ತುಂಬಿಸಲು ಬರೆದ ಸಪ್ಪೆ ದ್ವಿಪದಿಗೆ 'ಭರ್ತಿ ಕಾ ಶೇರ್' ಎನ್ನುತ್ತಾರೆ. ಮಿರ್ಜಾ ಗಾಲಿಬ್ ಬರೆದದ್ದು ಬಹಳ. ಆದರೆ 1841ರಲ್ಲಿ ದೆಹಲಿಯಲ್ಲಿ ಮೊದಲ ಬಾರಿ ಅಚ್ಚಾದ ಅವರ ಉರ್ದು ದಿವಾನ್ ತೆಳ್ಳಗಿತ್ತು. ತಾವು ಬರೆದದ್ದರಲ್ಲಿ ಎಷ್ಟೋ ಭಾಗವನ್ನು ಅವರು ಕೈಬಿಟ್ಟಿದ್ದರು. ಅವರಿಗಿಂತ ಹಿಂದಿನ ಮೀರ್ ತಕಿ ಮೀರ್ ಆರು ಉರ್ದು ದಿವಾನ್‌ಗಳನ್ನು ಬಿಟ್ಟುಹೋದರು. ನನ್ನ ಲೆಕ್ಕದಲ್ಲಿ ಗಾಲಿಬ್ ಒಂದೇ ಪ್ಲೇಟಿನ ಕವಿ, ಮೀರ್ ಡಬಲ್ ಆಲ್ಬಮ್ಮಿನ ಕವಿ. ಇಬ್ಬರೂ ದೊಡ್ಡವರು. ಆದರೆ ಇಬ್ಬರನ್ನೂ ಓದುವ ಬಗೆ ಒಂದೇ ಅಲ್ಲ.

ಹಾಡಿನ ಲೋಕದಲ್ಲಿ ಈ ಭರ್ತಿ ಎಲ್ಲಿಂದ ಬರುತ್ತದೆ ಎಂದು ನನಗೆ ಹೇಳಿಕೊಟ್ಟವರು ನಮ್ಮ ಮಾಮು. ಈಗ ಅವರದು ಮೊಬೈಲ್ ರಿಪೇರಿ ಅಂಗಡಿ. ಮೊದಲು ಅದೇ ಜಾಗದಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇತ್ತು. ಜನ ಚೀಟಿಯಲ್ಲಿ ಹಾಡುಗಳ ಹೆಸರು ಬರೆದು ತರುತ್ತಿದ್ದರು, ಮಾಮು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದರು. ಸಿ-60 ಎಂದರೆ ಒಂದು ಬದಿಗೆ ಮೂವತ್ತು ನಿಮಿಷ, ಸಿ-90 ಎಂದರೆ ನಲವತ್ತೈದು. ಚೀಟಿಯ ಹಾಡುಗಳೆಲ್ಲ ಮುಗಿದರೂ ಬದಿಯ ಕೊನೆಗೆ ಮೂರು ನಿಮಿಷ ಉಳಿಯುತ್ತಿತ್ತು. "ಖಾಲಿ ಬಿಟ್ಟರ ಗಿರಾಕಿ ರೊಕ್ಕ ಕಮ್ಮಿ ಕೊಡತಿದ್ದ ಬೇಟಾ. ಹಂಗಾಗಿ ಕೈಗೆ ಸಿಕ್ಕಿದ್ದೊಂದು ಹಾಕತಿದ್ದೆ" ಎಂದು ಮಾಮು ನಗುತ್ತಾರೆ. ನಿಜವಾದ ಭರ್ತಿ ಹಾಡು ಎಂದರೆ ಇದು. ಜಾಗ ಉಳಿದಿದೆ ಎಂಬ ಒಂದೇ ಕಾರಣಕ್ಕೆ ಸೇರಿದ್ದು.

ದೊಡ್ಡ ಕಂಪನಿಗಳ ರೆಕಾರ್ಡಿನಲ್ಲೂ ಆಗುತ್ತಿದ್ದುದು ಇದೇ. ಎಲ್‌ಪಿ ರೆಕಾರ್ಡಿನ ಒಂದು ಬದಿಯಲ್ಲಿ ಸುಮಾರು ಇಪ್ಪತ್ತೆರಡು ನಿಮಿಷ ಚೆನ್ನಾಗಿ ಕೂರುತ್ತದೆ. ಅದಕ್ಕಿಂತ ಹೆಚ್ಚು ತುರುಕಿದರೆ ಗೆರೆಗಳು ಹತ್ತಿರ ಹತ್ತಿರ ಆಗಿ ದನಿ ತಗ್ಗುತ್ತದೆ. ಎರಡೂ ಬದಿ ಸೇರಿದರೆ ಮುಕ್ಕಾಲು ಗಂಟೆ. ತಂಡದ ಬಳಿ ಒಂದು ಗಂಟೆಯ ಹಾಡುಗಳಿವೆ ಎಂದುಕೊಳ್ಳಿ. ಆಗ ಇರುವುದು ಎರಡೇ ದಾರಿ. ಕೆಲವನ್ನು ಬಿಡಬೇಕು, ಇಲ್ಲವೆ ಇನ್ನೊಂದು ಪ್ಲೇಟು ಸೇರಿಸಿ ಅದನ್ನು ತುಂಬಿಸಬೇಕು. ಭಾಯಿಜಾನ್ ವಾದ ನಿಂತಿರುವುದು ಈ ಎರಡನೆಯ ದಾರಿಯ ಮೇಲೆ.

ಅವರು ಮೊದಲು ಎತ್ತಿಕೊಂಡ ಉದಾಹರಣೆ ಬೀಟಲ್ಸ್ ತಂಡದ 1968ರ ಬಿಳಿ ಹೊದಿಕೆಯ ಆಲ್ಬಂ. ನಾಲ್ಕು ಬದಿ, 30 ಹಾಡು. ಅದರಲ್ಲಿ ಎಷ್ಟೋ ಹಾಡುಗಳನ್ನು ಅವರು ನಮ್ಮ ದೇಶದ ಋಷಿಕೇಶದಲ್ಲಿದ್ದಾಗ ಬರೆದದ್ದು. ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಿಗೇ ಇದನ್ನು ಸೋಸಿ ಒಂದೇ ಪ್ಲೇಟು ಮಾಡಿದ್ದರೆ ಒಳ್ಳೆಯದಿತ್ತು ಅನ್ನಿಸಿತ್ತು. ಭಾಯಿಜಾನ್ ಇದನ್ನು ಕೊನೆಯ ತೀರ್ಪು ಎಂಬಂತೆ ಮುಂದಿಟ್ಟರು. ಎರಡನೆಯದು ಲೆಡ್ ಜೆಪ್ಲಿನ್ ತಂಡದ 1975ರ 'ಫಿಸಿಕಲ್ ಗ್ರಾಫಿಟಿ'. ಹೊಸದಾಗಿ ಮಾಡಿದ ಎಂಟು ಹಾಡುಗಳು ಒಂದು ಪ್ಲೇಟಿಗಿಂತ ಹೆಚ್ಚಾದವು, ಎರಡಕ್ಕೆ ಸಾಲಲಿಲ್ಲ. ಆಗ ಹಿಂದಿನ ವರ್ಷಗಳಲ್ಲಿ ಬಳಸದೆ ಉಳಿದಿದ್ದ ಏಳು ಹಾಡುಗಳನ್ನು ತಂದು ಸೇರಿಸಿದರು. "ಇದು ನಿಮ್ಮ ಮಾಮು ಮಾಡಿದ್ದೇ ಅಲ್ಲೇನು?" ಎಂದರು ಭಾಯಿಜಾನ್.

ನಾನು ಸುಮ್ಮನಾದೆ. ಆದರೆ ಮರುದಿನದಿಂದ ಈ ಆಲ್ಬಮ್ಮುಗಳನ್ನು ಒಂದೊಂದಾಗಿ, ಹಾಡು ಹಾರಿಸದೆ, ಅದೇ ಕ್ರಮದಲ್ಲಿ ಕೇಳತೊಡಗಿದೆ. ಜೊತೆಗೆ ಒಂದು ಪರೀಕ್ಷೆಯನ್ನೂ ಮಾಡಿದೆ. ಅನುಮಾನದ ಹಾಡನ್ನು ತೆಗೆದುಹಾಕಿ ಅದರ ಹಿಂದಿನದನ್ನೂ ಮುಂದಿನದನ್ನೂ ಕೇಳುವುದು. ಅಕ್ಕಪಕ್ಕದ ಹಾಡುಗಳಿಗೆ ಏನೂ ಆಗದಿದ್ದರೆ ಅದು ಭರ್ತಿ. ಅವು ಸೊರಗಿದರೆ ಅದು ಭರ್ತಿ ಅಲ್ಲ.

ಬೀಟಲ್ಸ್ ಆಲ್ಬಮ್ಮಿನ ಕೊನೆಯ ಬದಿಯಲ್ಲಿ ಎಂಟು ನಿಮಿಷಕ್ಕೂ ಹೆಚ್ಚು ಹೊತ್ತು ಹಾಡೇ ಇಲ್ಲದ ಗದ್ದಲವೊಂದಿದೆ. ತುಂಡು ಮಾತು, ಕೂಗು, ಹಿಂದುಮುಂದಾದ ಟೇಪಿನ ಸದ್ದು. ಎಲ್ಲರೂ ಹಾರಿಸುವುದು ಅದನ್ನೇ. ಅದು ಮುಗಿದ ಕೂಡಲೇ ಬರುವುದು ಒಂದು ಜೋಗುಳ, ಅಲ್ಲಿಗೆ ಆಲ್ಬಂ ಮುಗಿಯುತ್ತದೆ. ಗದ್ದಲ ತೆಗೆದು ಜೋಗುಳ ಕೇಳಿ ನೋಡಿ, ಸಾಧಾರಣ ಅನ್ನಿಸುತ್ತದೆ. ಗದ್ದಲ ದಾಟಿ ಬಂದು ಕೇಳಿದರೆ ಜ್ವರ ಬಿಟ್ಟ ಹಾಗಾಗುತ್ತದೆ. ಆದರೆ ಅದೇ ಆಲ್ಬಮ್ಮಿನಲ್ಲಿ ಒಂದು ನಿಮಿಷವೂ ಇಲ್ಲದ 'ವೈಲ್ಡ್ ಹನಿ ಪೈ' ಇದೆ. ಅದನ್ನು ತೆಗೆದರೆ ಯಾರಿಗೂ ಏನೂ ಆಗುವುದಿಲ್ಲ. ಆದ್ದರಿಂದ ಆ ಆಲ್ಬಂ ನಿರ್ದೋಷಿ ಅಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಜೆಪ್ಲಿನ್ ಆಲ್ಬಂ ಕೇಳುವಾಗ ಯಾವುದು ಹೊಸದು, ಯಾವುದು ಉಳಿದದ್ದು ಎಂದು ನನಗೆ ಗುರುತಿಸಲಾಗಲಿಲ್ಲ. ಅಂದರೆ ಹಾಡು ಎಲ್ಲಿಂದ ಬಂತು ಎನ್ನುವುದರಿಂದ ಅದು ಭರ್ತಿ ಆಗುವುದಿಲ್ಲ, ಎಲ್ಲಿ ಕೂತಿದೆ ಎನ್ನುವುದರಿಂದ ಆಗುತ್ತದೆ.

ಈಗ ನನ್ನ ಉತ್ತರ: ದಿ ಕ್ಲ್ಯಾಶ್ ತಂಡದ 'ಲಂಡನ್ ಕಾಲಿಂಗ್'. 1979ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಬಂತು. ಎರಡು ಪ್ಲೇಟು, 19 ಹಾಡು, ಒಂದು ಗಂಟೆ ಚಿಲ್ಲರೆ. ಒಂದು ಪ್ಲೇಟಿನ ಬೆಲೆಗೇ ಎರಡನ್ನೂ ಮಾರಿದರು. ಕೊನೆಯ ಹಾಡು ಎಷ್ಟು ತಡವಾಗಿ ಸೇರಿತೆಂದರೆ ಹೊದಿಕೆಯ ಮೇಲೆ ಅದರ ಹೆಸರೇ ಅಚ್ಚಾಗಲಿಲ್ಲ. ಹಾಗೆ ಸೇರಿದ್ದೂ ಭರ್ತಿ ಆಗಲಿಲ್ಲ, ಜನ ಅದನ್ನು ಬಹಳ ಮೆಚ್ಚಿದರು. ಭಾಯಿಜಾನ್ ಬಿಡಲಿಲ್ಲ. "ನಾಲ್ಕನೇ ಬದಿಯ ಮೊದಲ ಹಾಡು 'ಲವರ್ಸ್ ರಾಕ್' ಶುದ್ಧ ಭರ್ತಿ" ಎಂದರು. ಒಂಟಿಯಾಗಿ ಕೇಳಿದರೆ ಅದು ಸಣ್ಣ ಹಾಡೇ, ನಿಜ. ಆದರೆ ಮೂರನೇ ಬದಿ ಮುಗಿಯುವುದು ಪಿಯಾನೊ, ತುತ್ತೂರಿ ತುಂಬಿದ ಭಾರಿ ಹಾಡಿನಿಂದ. ಕೇಳುವವರು ಎದ್ದು ಪ್ಲೇಟು ತಿರುಗಿಸುತ್ತಾರೆ. ಆಗ ಮತ್ತೊಂದು ಭಾರಿ ಹಾಡು ಬಂದಿದ್ದರೆ ಕಿವಿ ದಣಿಯುತ್ತಿತ್ತು. ಈ ಸಣ್ಣ ಹಾಡು ಬಂದು ಉಸಿರು ಬಿಡಲು ಜಾಗ ಕೊಡುತ್ತದೆ.

ಕನ್ನಡದಲ್ಲಿ ಹೀಗೊಂದು ಇದೆಯೇ ಎಂದು ಕೇಳಿದಾಗ ಮಾಮು ಒಂದು ಕ್ಷಣವೂ ಯೋಚಿಸದೆ 'ಪ್ರೇಮಲೋಕ' ಎಂದರು. 1987ರ ರವಿಚಂದ್ರನ್ ಚಿತ್ರ. ಹಾಡು ಬರೆದವರೂ ರಾಗ ಹಾಕಿದವರೂ ಹಂಸಲೇಖ. ಐದಾರು ಹಾಡಿದ್ದರೆ ಸಾಕು ಎನ್ನುತ್ತಿದ್ದ ಕಾಲದಲ್ಲಿ ಒಂದೇ ಚಿತ್ರಕ್ಕೆ ಹತ್ತರ ಆಸುಪಾಸು ಹಾಡು. ಅದು ರಾಕ್ ಅಲ್ಲ, ಎರಡು ಪ್ಲೇಟಿನದೂ ಅಲ್ಲ. ಆದರೆ ಕಷ್ಟ ಅದೇ: ಅಷ್ಟು ಹಾಡಿನಲ್ಲಿ ಒಂದೂ ಸೊರಗಬಾರದು. ಬೇರೆ ಚಿತ್ರಗಳಿಂದ ಜನ ಎರಡೆರಡು ಹಾಡು ಆರಿಸಿ ಚೀಟಿಯಲ್ಲಿ ಬರೆಯುತ್ತಿದ್ದರಂತೆ. ಇದಕ್ಕೆ ಮಾತ್ರ "ಪೂರಾ ತುಂಬ್ರಿ" ಎನ್ನುತ್ತಿದ್ದರಂತೆ. ನನಗೆ ತೋಚಿದ ಕಾರಣ ಇದು: ಅಲ್ಲಿನ ಹಾಡುಗಳು ಮಾತಿನ ಹಾಗಿವೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸುತ್ತಾರೆ. ಸಂಭಾಷಣೆಯ ನಡುವಿನ ಒಂದು ಮಾತನ್ನು ಕಿತ್ತರೆ ಉಳಿದದ್ದು ಅರ್ಥ ಆಗುವುದಿಲ್ಲ. ಹಾಡುಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡರೆ ಭರ್ತಿಗೆ ಜಾಗ ಉಳಿಯುವುದಿಲ್ಲ.

ಇನ್ನು ನನ್ನ ತಪ್ಪಿನ ಕಥೆ.

ಈ ವರ್ಷದ ಗ್ಯಾದರಿಂಗ್‌ನಲ್ಲಿ ಸಾಂಸ್ಕೃತಿಕ ಕಾರ್ಯಕ್ರಮದ ಪಟ್ಟಿ ಮಾಡುವ ಸಮಿತಿಯಲ್ಲಿ ನಾನೂ ಇದ್ದೆ. ಹೆಸರು ಕೊಟ್ಟವರು ಬಹಳ, ಸಮಯ ಎರಡೂವರೆ ಗಂಟೆ. ಪ್ರಥಮ ವರ್ಷದ ಒಬ್ಬ ಹುಡುಗ ಏಕತಾರಿ ಹಿಡಿದು ತತ್ವಪದ ಹಾಡುತ್ತೇನೆ ಎಂದಿದ್ದ. ತಾಲೀಮಿನಲ್ಲಿ ಕೇಳಿದೆವು. ನಿಧಾನ, ಒಂದೇ ಶ್ರುತಿ, ಏಳು ನಿಮಿಷ. ನಾನೇ ಪೆನ್ನು ತೆಗೆದು ಗೆರೆ ಎಳೆದೆ. "ಇದು ಭರ್ತಿ, ಜನ ಎದ್ದುಹೋಗ್ತಾರ" ಎಂದೆ. ಆ ಹುಡುಗ ವಾದ ಮಾಡಲಿಲ್ಲ. ಏಕತಾರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಸಂಜೆ ಬಸ್ಸಿಗೆ ಹೋದ.

ಕಾರ್ಯಕ್ರಮದ ದಿನ ಎಲ್ಲವೂ ಚಪ್ಪಾಳೆ ಗಿಟ್ಟಿಸುವ ಐಟಂಗಳೇ. ಒಂದರ ಮೇಲೊಂದು ಜೋರು. ಆರನೆಯದರ ಹೊತ್ತಿಗೆ ಹಿಂದಿನ ಸಾಲುಗಳು ಮಾತಿಗಿಳಿದವು. ಎಂಟನೆಯದು ನಿಜಕ್ಕೂ ಒಳ್ಳೆಯ ಕಿರುನಾಟಕ, ಅದನ್ನು ಕೇಳಿಸಿಕೊಂಡವರು ಮುಂದಿನ ಎರಡು ಸಾಲಿನವರು ಮಾತ್ರ. ಭರ್ತಿ ಎಂದು ನಾನು ತೆಗೆದ ಏಳು ನಿಮಿಷ ಆ ನಾಟಕಕ್ಕೆ ಬೇಕಿತ್ತು ಎಂದು ಆಗ ಹೊಳೆಯಲಿಲ್ಲ. ಭಾಯಿಜಾನ್ ಜೊತೆ ವಾದ ಮಾಡುತ್ತಾ, ಜೋಗುಳದ ಹಿಂದಿನ ಗದ್ದಲ ಕೇಳುತ್ತಾ ಕೂತಾಗ ಹೊಳೆಯಿತು.

ಇದರಲ್ಲಿ ನಾಚಿಕೆಯ ಇನ್ನೊಂದು ಸಂಗತಿ ಇದೆ. ತತ್ವಪದ ಹೊರಗಿನದಲ್ಲ. ಕಡಕೋಳ ಮಡಿವಾಳಪ್ಪನವರ ಊರು ನಮ್ಮ ಯಡ್ರಾಮಿ ತಾಲ್ಲೂಕಿನಲ್ಲೇ ಇದೆ. ಅವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಹೇಬರೂ ಒಬ್ಬರು, ಅವರೂ ಕನ್ನಡದಲ್ಲಿ ತತ್ವಪದ ಕಟ್ಟಿದವರು. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗಿಟಾರ್, ಡ್ರಮ್ಸ್ ಜೊತೆ ಹಾಡಿದಾಗ ನಾವು ತಲೆ ಕುಣಿಸುತ್ತೇವೆ. ಅದೇ ಪರಂಪರೆಯ ಪದವನ್ನು ನಮ್ಮ ಹುಡುಗ ಏಕತಾರಿಯಲ್ಲಿ ಹಾಡುತ್ತೇನೆಂದರೆ ಭರ್ತಿ ಎನ್ನುತ್ತೇವೆ.

ಆಮೇಲೆ ಒಂದು ರಾತ್ರಿ ಮಾಮು ಜೊತೆ ಹತ್ತಿರದ ಹಳ್ಳಿಯ ಭಜನೆಗೆ ಹೋಗಿದ್ದೆ. ರಾತ್ರಿಯಿಡೀ ಪದ. ಎಲ್ಲವೂ ಒಂದೇ ತೂಕದವಲ್ಲ. ನಡುವೆ ಸಣ್ಣ ಪದ ಬರುತ್ತದೆ, ಯಾರೋ ಚಹಾ ತರುತ್ತಾರೆ, ತಾಳ ಹಾಕುವವರು ಕೈ ಬದಲಿಸುತ್ತಾರೆ. ಮತ್ತೆ ದೊಡ್ಡ ಪದ ಎತ್ತಿಕೊಂಡಾಗ ನಿದ್ದೆಗಣ್ಣಿನವರೂ ನೆಟ್ಟಗೆ ಕೂರುತ್ತಾರೆ. ಸಣ್ಣ ಪದಗಳನ್ನೆಲ್ಲ ತೆಗೆದು ದೊಡ್ಡವನ್ನಷ್ಟೇ ಹಾಡಿದರೆ ಆ ಭಜನೆ ನಡುರಾತ್ರಿಗೇ ಮುಗಿದುಹೋಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಭರ್ತಿ ಇಲ್ಲದ ಡಬಲ್ ಆಲ್ಬಂ ಇರಲು ಸಾಧ್ಯ. ಆದರೆ ಪ್ರತಿ ಹಾಡೂ ಶಿಖರ ಆಗಿರುವ ಡಬಲ್ ಆಲ್ಬಂ ಸಾಧ್ಯವಿಲ್ಲ, ಇದ್ದರೂ ಅದನ್ನು ಕೇಳಲಾಗುವುದಿಲ್ಲ. ಭಾಯಿಜಾನ್ ಮಾತಿನಲ್ಲೂ ನ್ಯಾಯ ಇದೆ. ಜಾಗ ಇದೆ ಎಂದು ತುರುಕುವುದು ಕೇಳುವವರಿಗೆ ಮಾಡುವ ಮೋಸವೇ. ಗಾಲಿಬರ ಹಾಗೆ ತಮ್ಮದನ್ನೇ ತಾವು ಕಡಿದುಕೊಳ್ಳುವ ಧೈರ್ಯ ಎಲ್ಲರಿಗೂ ಬೇಕು. ಆದರೆ ಕಡಿಯುವ ಮೊದಲು ಅಕ್ಕಪಕ್ಕ ನೋಡಬೇಕು. ಮೊಬೈಲಿನಲ್ಲಿ ಬೆರಳು ಸರಿಸಿ ಹಾಡು ಹಾರಿಸುವ ನಮಗೆ ಅಕ್ಕಪಕ್ಕ ನೋಡುವ ಅಭ್ಯಾಸವೇ ತಪ್ಪಿಹೋಗುತ್ತಿದೆ.

ಓದುಗ ಮಿತ್ರರಲ್ಲಿ ಎರಡು ವಿನಂತಿ. ಒಂದು, ಈ ತಿಂಗಳು ಒಂದು ಆಲ್ಬಂ ಅಥವಾ ಒಂದು ಕವನ ಸಂಕಲನವನ್ನು ಮೊದಲಿನಿಂದ ಕೊನೆಯವರೆಗೆ, ಯಾವುದನ್ನೂ ಬಿಡದೆ, ಕ್ರಮವಾಗಿ ಕೇಳಿ ಅಥವಾ ಓದಿ. ಅದರಲ್ಲಿ ಭರ್ತಿ ಯಾವುದು ಎಂದು ಬರೆದು ಸಂಪಾದಕರಿಗೆ ಕೊಡಿ. 'ಲಂಡನ್ ಕಾಲಿಂಗ್' ವಿಷಯದಲ್ಲಿ ನಾನು ತಪ್ಪಿದ್ದರೆ ಅದನ್ನೂ ಬರೆಯಿರಿ, ಭಾಯಿಜಾನ್‌ಗೆ ಖುಷಿಯಾಗುತ್ತದೆ. ಎರಡು, ಮುಂದಿನ ಗ್ಯಾದರಿಂಗ್ ಹೊತ್ತಿಗೆ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಆ ಹುಡುಗ ದ್ವಿತೀಯ ವರ್ಷದಲ್ಲಿ ಇರುತ್ತಾನೆ. ಪಟ್ಟಿ ಮಾಡುವವರು ಅವನನ್ನು ಕರೆದು ಕೇಳಬೇಕು. ಏಳು ನಿಮಿಷ ಕೊಡಿ, ಕಿರುನಾಟಕಕ್ಕೆ ಮುಂಚೆ ಇಡಿ. ನಾನು ಅವನ ಬಳಿ ಕ್ಷಮೆ ಕೇಳಿದ್ದೇನೆ. ಏಕತಾರಿಯ ತಂತಿ ಹೊಸದು ಹಾಕಿಸಿದ್ದೇನೆ ಎಂದ.

— ದ್ವಿತೀಯ ಪಿಯುಸಿ, ಕಲಾ ವಿಭಾಗ