ನೋಡುವವರಾರು?

ವ್ಲಾಗ್ ಎಂಬ ಚಲಚ್ಚಿತ್ರ ದಿನಚರಿಗಳು ಮನೆಮನೆಗಳಲ್ಲಿಯೂ ನಾಟಕ, ಸಿನಿಮಾಗಳ ಸ್ಥಾನವನ್ನು ಆಕ್ರಮಿಸಿದುವೆಂದು ಕೆಲವರು ದುಃಖಿಸುವರು. ನಮಗೆ ಆ ದುಃಖವಿಲ್ಲ. ‘ಡಾಕ್ಟರ್ ಬ್ರೋ’ ಎಂದು ಪ್ರಸಿದ್ಧನಾದ ತರುಣನು ದೇಶಾಂತರಗಳನ್ನು ಕನ್ನಡದಲ್ಲಿಯೇ ವರ್ಣಿಸಿ ಅರಸೀಕೆರೆಯ ಮನೆಯಂಗಳಕ್ಕೂ ತಂದುದು ಶ್ಲಾಘ್ಯವೇ ಸರಿ.

ನಮ್ಮ ಆಕ್ಷೇಪಣೆಯು ಬೇರೆ. ಬೇಲೂರು ಹಳೇಬೀಡುಗಳನ್ನು ಕುರಿತ ಇಂತಹ ಅನೇಕ ಚಿತ್ರಗಳಲ್ಲಿ ನಿರೂಪಕನ ಮುಖವೇ ಮುಂದೆ. ಶಿಲ್ಪವು ಹಿಂದಿನ ಪರದೆ ಮಾತ್ರ. ಇದನ್ನೇ ಕಂಡು ಪಳಗಿದ ಕಣ್ಣು ದೇವಾಲಯಕ್ಕೆ ಬಂದಾಗಲೂ ಫೋನಿನಲ್ಲಿ ತನ್ನ ಮುಖವನ್ನೇ ಅರಸುತ್ತದೆ. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಈ ದೇಗುಲಗಳನ್ನು ವಿಶ್ವಪರಂಪರೆಯಲ್ಲಿ ಗಣಿಸಿತು; ನಾವು ಗಣಿಸಿದೆವೇ? ತಂದೆತಾಯಿಗಳು ಒಂದು ಗಂಟೆಯ ಕಾಲವಾದರೂ ಫೋನನ್ನು ಚೀಲದಲ್ಲಿರಿಸಿ, ಮಕ್ಕಳಿಗೆ ಶಿಲೆಯನ್ನು ತೋರಿಸಲಿ.

1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಿಸಿದ ಚೆನ್ನಕೇಶವನ ಗುಡಿಯಲ್ಲಿ ದರ್ಪಣಸುಂದರಿಯು ಕನ್ನಡಿಯನ್ನು ಹಿಡಿದು ನಿಂತಿರುವಳು. ನೋಡಬಂದವರೂ ಕನ್ನಡಿಯನ್ನೇ ಹಿಡಿದರೆ ಅವಳನ್ನು ನೋಡುವವರಾರು?